ಕಣಗಿಲೆ ಮತ್ತು ಥೂಜಾ: ಶಾಲೆಯ ಉದ್ಯಾನಕ್ಕೆ ಯಾವುದು ಯೋಗ್ಯ?

ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಶಾಲೆಯ ಮಹಾದ್ವಾರದಿಂದ ತರಗತಿಗಳವರೆಗಿನ ದಾರಿಯ ಎರಡು ಪಕ್ಕಗಳಲ್ಲಿಯೂ ಸಸಿಗಳನ್ನು ನೆಡಿಸಿಕೊಡಲು ಮುಂದೆ ಬಂದಿರುವುದು ಸಂತೋಷದ ಸಂಗತಿ. ಯಾವ ಸಸಿ ಎಂಬ ವಿಷಯದಲ್ಲಿ ಮಾತ್ರ ಎರಡು ಪಕ್ಷಗಳಾಗಿವೆ. ಹೂವಿಲ್ಲದ ಅಂಗಳವು ಅಂಗಳವೇ ಅಲ್ಲ, ಕಣಗಿಲೆಯನ್ನು ನೆಟ್ಟರೆ ವರ್ಷದ ಬಹುಕಾಲ ಪೂಜೆಗೆ ಹೂವಾಗುತ್ತದೆ ಎಂಬುದು ಒಂದು ಪಕ್ಷ. ಗೋಪುರದಾಕಾರದಲ್ಲಿ ಸಾಲಾಗಿ ನಿಲ್ಲುವ ಥೂಜಾ ಗಿಡಗಳಿಂದ ಸಂಸ್ಥೆಗೆ ಒಂದು ಗಾಂಭೀರ್ಯವುಂಟಾಗುತ್ತದೆ ಎಂಬುದು ಇನ್ನೊಂದು ಪಕ್ಷ. ಎರಡೂ ನಿತ್ಯಹರಿದ್ವರ್ಣದ ಸಸ್ಯಗಳು. ಎರಡಕ್ಕೂ ನಮ್ಮ ಸೀಮೆಯ ಬಿಸಿಲನ್ನು ತಾಳುವ ಶಕ್ತಿಯಿದೆ. ಹೊರನೋಟದ ಈ ಸಾಮ್ಯವನ್ನು ಬಿಟ್ಟರೆ ಸ್ವಭಾವದಲ್ಲಿ ಅವು ಒಂದರಿಂದೊಂದು ಬಹುದೂರ. ಆ ಸ್ವಭಾವವನ್ನು ತಿಳಿದು ಆರಿಸುವುದು ಲೇಸೆಂಬ ಭಾವನೆಯಿಂದ ಈ ಕೆಲವು ಮಾತುಗಳನ್ನು ಬರೆದಿದೆ. ಭಾಷಾಪಂಡಿತನಿಗೆ ಗಿಡಗಳ ಗೊಡವೆಯೇಕೆಂದು ಯಾರಾದರೂ ಕೇಳಿಯಾರು. ಹೆಸರುಗಳಿಂದ ಆರಂಭಿಸಿದರೆ ಆ ಆಕ್ಷೇಪಕ್ಕೆ ಎಡೆಯಿರದು.

ಕಣಗಿಲೆ, ಕಣಗಿಲು, ಕಣಗಲೆ ಎಂದು ಊರಿಂದೂರಿಗೆ ಉಚ್ಚಾರವು ಅಷ್ಟಿಷ್ಟು ಬೇರೆಯಾದರೂ ಹೆಸರು ಕನ್ನಡದ್ದೇ. ಸಂಸ್ಕೃತದಲ್ಲಿ ಇದಕ್ಕೆ ಕರವೀರವೆಂಬುದು ಪ್ರಸಿದ್ಧ ನಾಮ. ಕೊಲ್ಲಾಪುರವನ್ನು ಕರವೀರಕ್ಷೇತ್ರವೆಂದು ಕರೆಯುವುದನ್ನು ವಾಚಕರು ಬಲ್ಲರು. ಅಮರಕೋಶವು ಇದೇ ಗಿಡಕ್ಕೆ ಹೇಳುವ ಪರ್ಯಾಯಪದಗಳಲ್ಲಿ ಹಯಮಾರಕ ಎಂಬುದೂ ಒಂದು. ಹಯವೆಂದರೆ ಕುದುರೆ, ಕುದುರೆಯನ್ನು ಕೊಲ್ಲುವುದು ಹಯಮಾರಕ. ಕೋಶವನ್ನು ಬಾಯಿಪಾಠ ಮಾಡುವ ಬಾಲಕನಿಗೆ ಇದು ಬರಿಯ ಶಬ್ದ. ಆದರೆ ಹಿಂದಿನವರು ಕಣ್ಣಾರೆ ಕಂಡದ್ದನ್ನೇ ಹೆಸರಾಗಿಸಿದ್ದಾರೆ. ಆಯುರ್ವೇದವು ಕರವೀರವನ್ನು ಉಪವಿಷಗಳ ಗಣದಲ್ಲಿ ಸೇರಿಸಿರುವುದೂ, ಶೋಧನೆಯಿಲ್ಲದೆ ಅದನ್ನು ಔಷಧಕ್ಕೆ ಬಳಸಕೂಡದೆಂದು ವಿಧಿಸಿರುವುದೂ ಇದೇ ತಿಳಿವಿನ ಮುಂದುವರಿಕೆ. ಶೂದ್ರಕನ ಮೃಚ್ಛಕಟಿಕದ ಕೊನೆಯ ಅಂಕದಲ್ಲಿ ಚಾರುದತ್ತನನ್ನು ವಧ್ಯಸ್ಥಾನಕ್ಕೆ ಕರೆದೊಯ್ಯುವಾಗ ಅವನ ಕೊರಳಲ್ಲಿರುವುದು ಕರವೀರದ ಮಾಲೆಯೇ. ದೇವರ ಮುಡಿಗೂ ಮರಣದಂಡನೆಗೆ ಗುರಿಯಾದವನ ಕೊರಳಿಗೂ ಒಂದೇ ಹೂವು ಸಂದದ್ದು ವಿಚಾರ ಮಾಡತಕ್ಕ ವಿಷಯ.

ಕನ್ನಡಿಗರ ಕಣ್ಣಿನ ಸೂಕ್ಷ್ಮತೆಯನ್ನು ತೋರಿಸುವ ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಬೇಕು. ಹಳದಿ ಹೂವಿನ, ಗಂಟೆಯಾಕಾರದ ಗಿಡವನ್ನು ನಾವು ಹಳದಿ ಕಣಗಿಲೆ ಎನ್ನುತ್ತೇವೆ. ನಿತ್ಯವೂ ಹೂಬಿಡುವ, ನಿತ್ಯಕಲ್ಯಾಣಿ ಎಂಬ ಹೆಸರೂ ಉಳ್ಳ ಸಣ್ಣ ಗಿಡವನ್ನು ಕಾಶಿಕಣಗಿಲೆ ಎನ್ನುತ್ತೇವೆ. ಗುಡಿಗಳ ಪ್ರಾಕಾರದಲ್ಲಿ ಬೆಳೆಯುವ, ಬಿಳಿಯ ಹೂವಿನ ನಡುವೆ ಹಳದಿ ಛಾಯೆಯಿರುವ ಮರವನ್ನು ದೇವಕಣಗಿಲೆ ಎನ್ನುತ್ತೇವೆ. ಇವುಗಳಲ್ಲಿ ಹಳದಿ ಕಣಗಿಲೆಯೂ ದೇವಕಣಗಿಲೆಯೂ ಅಮೆರಿಕದ ಉಷ್ಣಪ್ರದೇಶಗಳಿಂದ ಬಂದವು. ಕಾಶಿಕಣಗಿಲೆಯ ತವರು, ಹೆಸರಿನಲ್ಲಿ ಕಾಶಿಯಿದ್ದರೂ, ಮಡಗಾಸ್ಕರ್ ದ್ವೀಪ. ಹೊಸದಾಗಿ ಬಂದ ಈ ಮೂರಕ್ಕೂ ನಮ್ಮ ಜನ ಹಳೆಯ ಕಣಗಿಲೆಯ ಹೆಸರನ್ನೇ ವಿಸ್ತರಿಸಿದರು. ಸಸ್ಯಶಾಸ್ತ್ರಜ್ಞರು ಹೂವಿನ ಅಂಗಾಂಗಗಳನ್ನು ಬಿಡಿಸಿ ಪರೀಕ್ಷಿಸಿ ನಾಲ್ಕನ್ನೂ ಅಪೋಸಿನೇಸಿ ಎಂಬ ಒಂದೇ ಕುಟುಂಬದಲ್ಲಿ ಇರಿಸಿದ್ದಾರೆ. ಅಕ್ಷರವನ್ನರಿಯದ ಹೂವಾಡಗಿತ್ತಿಯ ವರ್ಗೀಕರಣವೂ ಶಾಸ್ತ್ರಜ್ಞನ ವರ್ಗೀಕರಣವೂ ಇಷ್ಟು ಚೆನ್ನಾಗಿ ಕೂಡಿಬರುವುದು ವಿರಳ. ನಮ್ಮ ನಾಡಿನ ಕೆಲವೆಡೆ ಹಳದಿ ಕಣಗಿಲೆಗೂ ಕರವೀರವೆಂಬ ಹೆಸರು ರೂಢಿಯಲ್ಲಿರುವುದರಿಂದ ಮಾತಿನಲ್ಲಿ ಗೊಂದಲವಾಗುವ ಸಂಭವವುಂಟು. ಪ್ರಸ್ತುತ ಲೇಖನದಲ್ಲಿ ಕಣಗಿಲೆಯೆಂದರೆ ಕೆಂಪು, ಬಿಳಿ, ನಸುಗೆಂಪು ಹೂಗಳನ್ನು ಬಿಡುವ, ಗಂಟಿಗೆ ಮೂರರಂತೆ ನೀಳವಾದ ಎಲೆಗಳುಳ್ಳ ಹಳೆಯ ಕಣಗಿಲೆಯೇ ಹೊರತು ಬೇರೆಯಲ್ಲ. ಶಾಸ್ತ್ರದಲ್ಲಿ ಅದರ ಹೆಸರು ನೀರಿಯಂ ಓಲಿಯಾಂಡರ್.

ಇನ್ನು ಥೂಜಾ. ಇದಕ್ಕೆ ನಮ್ಮಲ್ಲಿ ಹಳೆಯ ಹೆಸರಿಲ್ಲ. ಏಕೆಂದರೆ ಗಿಡವೇ ನಮ್ಮದಲ್ಲ. ಅದರ ತವರು ಚೀನಾ ಮತ್ತು ಅದರ ನೆರೆಯ ಪ್ರದೇಶಗಳು. ನವಿಲುಗರಿಯಂತೆ ಹರಡಿದ ರೆಂಬೆಗಳನ್ನು ಕಂಡು ಹಿಂದಿಯವರು ಇದನ್ನು ಮೋರ್‌ಪಂಖಿ ಎಂದರು. ಉತ್ತರದ ಶಾಲೆಗಳ ಮಕ್ಕಳು ಇದರ ಕುಡಿಯನ್ನು ಪುಸ್ತಕದ ಹಾಳೆಗಳ ನಡುವೆ ಇಟ್ಟುಕೊಂಡರೆ ವಿದ್ಯೆ ಚೆನ್ನಾಗಿ ಬರುವುದೆಂದು ನಂಬಿ ವಿದ್ಯೆಯ ಗಿಡವೆಂದೇ ಕರೆಯುವುದುಂಟು. ನಂಬಿಕೆ ನಿಜವಾಗಿದ್ದರೆ ನಮ್ಮಂಥ ಉಪಾಧ್ಯಾಯರ ಶ್ರಮ ಎಷ್ಟೋ ಕಡಿಮೆಯಾಗುತ್ತಿತ್ತು. ಲಿನ್ನೇಯಸ್ ಎಂಬ ಸ್ವೀಡನ್ ದೇಶದ ವಿದ್ವಾಂಸನು 1753ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಕಣಗಿಲೆಗೂ ಇದಕ್ಕೂ ಶಾಸ್ತ್ರೀಯ ನಾಮಕರಣವಾಯಿತು. ಅವನಿಟ್ಟ ಹೆಸರು ಥೂಜಾ ಓರಿಯೆಂಟಾಲಿಸ್. ನಿಜವಾದ ಥೂಜಾಗಳ ಬೀಜಕ್ಕೆ ರೆಕ್ಕೆಯಿರುತ್ತದೆ, ಇದರ ಬೀಜಕ್ಕೆ ಇಲ್ಲ. ಇಂಥ ಭೇದಗಳಿಂದಾಗಿ 1949ರಿಂದ ಇದನ್ನು ಪ್ಲಾಟಿಕ್ಲೇಡಸ್ ಓರಿಯೆಂಟಾಲಿಸ್ ಎನ್ನುತ್ತಾರೆ. ಸಸಿ ಮಾರುವವರು ಮಾತ್ರ ಇಂದಿಗೂ ಥೂಜಾ ಎಂದೇ ಕರೆಯುವುದರಿಂದ ನಾವೂ ಹಾಗೆಯೇ ಕರೆಯೋಣ.

ಥೂಜಾ ಶಂಕುಧಾರಿ ಸಸ್ಯವರ್ಗಕ್ಕೆ ಸೇರಿದ್ದು. ದೇವದಾರು, ಪೈನ್, ಸೈಪ್ರೆಸ್ ಇವೆಲ್ಲ ಇದೇ ವರ್ಗದವು. ರಘುವಂಶದಲ್ಲಿ ಪರಶಿವನು ಮಗನಂತೆ ಭಾವಿಸಿದನೆಂದು ಬರುವ ದೇವದಾರು ವೃಕ್ಷವನ್ನು ಓದಿದ ನಮ್ಮ ಕಾವ್ಯರಸಿಕರಲ್ಲಿ ಎಷ್ಟೋ ಮಂದಿ ಆ ಮರವನ್ನು ಕಂಡವರಲ್ಲ. ಹಿಮಾಲಯವು ಅದರ ನೆಲೆ. ದಕ್ಷಿಣ ಭಾರತದ ಕಾಡುಗಳಲ್ಲಿ ತಾನೇ ತಾನಾಗಿ ಬೆಳೆಯುವ ಶಂಕುಧಾರಿ ಒಂದೇ ಒಂದು, ಪಶ್ಚಿಮಘಟ್ಟದ ನೇಜಿಯಾ. ನಮ್ಮ ಕರಾವಳಿಯಲ್ಲಿಯೂ ಬಯಲುಸೀಮೆಯಲ್ಲಿಯೂ ಕಾಣುವ ಗಾಳಿಮರವನ್ನು, ಎಂದರೆ ಸರ್ವೆಮರವನ್ನು, ಸೂಜಿಯಂಥ ಎಲೆಗಳಿಂದಲೂ ಸಣ್ಣ ಶಂಕುವಿನಂಥ ಕಾಯಿಗಳಿಂದಲೂ ಮೋಸಹೋಗಿ ಈ ವರ್ಗಕ್ಕೆ ಸೇರಿಸುವವರಿದ್ದಾರೆ. ಅದು ಹೂಬಿಡುವ ಮರವೇ; ಹೂವು ಬಹಳ ಸಣ್ಣದು, ಅಷ್ಟೆ.

ಶಂಕುಧಾರಿಗಳಿಗೆ ಹೂವಿಲ್ಲ. ಗಂಡು ಶಂಕುಗಳ ಪರಾಗವನ್ನು ಗಾಳಿಯು ಹೆಣ್ಣು ಶಂಕುಗಳಿಗೆ ಒಯ್ಯುತ್ತದೆ. ಹಣ್ಣಿನ ಆವರಣವಿಲ್ಲದೆ ಶಂಕುವಿನ ಪದರುಗಳ ಮೇಲೆಯೇ ಬೀಜ ಕಟ್ಟುವುದರಿಂದ ಇವನ್ನು ಅನಾವೃತಬೀಜ ಸಸ್ಯಗಳೆಂದು ಪಾಠಪುಸ್ತಕಗಳು ಹೇಳುತ್ತವೆ. ಥೂಜಾದ ಎಳೆಯ ಶಂಕುಗಳು ನೀಲಿಮಿಶ್ರಿತ ಹಸಿರಾಗಿ, ಪದರುಗಳ ತುದಿಯಲ್ಲಿ ಕೊಕ್ಕೆಯಂಥ ಮುಳ್ಳುಗಳುಳ್ಳವಾಗಿ, ನೋಡಲು ಬಲು ಚೆಲುವಾಗಿರುತ್ತವೆ. ಬಲಿತ ಮೇಲೆ ಕಂದುಬಣ್ಣಕ್ಕೆ ತಿರುಗಿ ಬಿರಿಯುತ್ತವೆ. ಭೂಮಿಯ ಮೇಲೆ ಶಂಕುಧಾರಿಗಳು ತೋರಿ ಸುಮಾರು 30 ಕೋಟಿ ವರ್ಷಗಳಾದವು. ಹೂಬಿಡುವ ಸಸ್ಯಗಳು ಅವಕ್ಕಿಂತ ಬಹಳ ತಡವಾಗಿ ಬಂದವು. ಹೀಗಾಗಿ ಒಂದೇ ದಾರಿಯ ಎರಡು ಪಕ್ಕಗಳಲ್ಲಿ ಇವೆರಡನ್ನೂ ಕಂಡ ಬಾಲಕನು ಸಸ್ಯಲೋಕದ ಎರಡು ಯುಗಗಳನ್ನು ಕಂಡಂತಾಗುತ್ತದೆ.

ಹೂವಿನ ಹಿರಿಮೆ ಕಣಗಿಲೆಯದು ಎಂಬುದರಲ್ಲಿ ವಾದವಿಲ್ಲ. ಆದರೂ ನಮ್ಮ ಕವಿಸಮಯಕ್ಕೆ ಒಗ್ಗದ ಒಂದು ಮಾತನ್ನು ಹೇಳಲೇಬೇಕು. ಕಣಗಿಲೆಯ ಹೂವಿನಲ್ಲಿ ಮಕರಂದವಿಲ್ಲ. ಬಣ್ಣದಿಂದಲೂ ಪರಿಮಳದಿಂದಲೂ ದುಂಬಿಯನ್ನು ಕರೆದು ಬರಿಗೈಯಲ್ಲಿ ಕಳುಹಿಸುವ ಹೂವಿದು. ಆಶೆಯಿಂದ ಹೂವಿನಿಂದ ಹೂವಿಗೆ ಹಾರುವ ಕೀಟದ ಮೂಲಕ ತನ್ನ ಪರಾಗಕಾರ್ಯವನ್ನು ಸಾಧಿಸಿಕೊಳ್ಳುತ್ತದೆ. ಎಲೆಯ ರಚನೆಯೂ ಇಷ್ಟೇ ಚತುರವಾದದ್ದು. ಎಲೆಯ ಹಿಂಬದಿಯಲ್ಲಿ ಸಣ್ಣ ಸಣ್ಣ ಕುಳಿಗಳಿದ್ದು ಪತ್ರರಂಧ್ರಗಳು ಆ ಕುಳಿಗಳೊಳಗೆ ಅಡಗಿವೆ. ಕುಳಿಯ ಬಾಯಿಗೆ ಸೂಕ್ಷ್ಮವಾದ ರೋಮಗಳು ಅಡ್ಡವಾಗಿವೆ. ಒಣಗಾಳಿಯು ಎಲೆಯ ತೇವವನ್ನು ಹೀರದಂತೆ ಇದು ತಡೆಯುತ್ತದೆ. ನಮ್ಮ ಹೆದ್ದಾರಿಗಳ ನಡುವಣ ಪಟ್ಟಿಯಲ್ಲಿ ಹೊಗೆಯನ್ನೂ ಧೂಳನ್ನೂ ವೈಶಾಖದ ಬಿಸಿಲನ್ನೂ ಸಹಿಸಿ ಕಣಗಿಲೆಯು ನಗುತ್ತಿರುವುದರ ರಹಸ್ಯಗಳಲ್ಲಿ ಇದೊಂದು. 1945ರಲ್ಲಿ ಅಣುಬಾಂಬಿನಿಂದ ಸುಟ್ಟುಹೋದ ಹಿರೋಷಿಮಾದ ನೆಲದಲ್ಲಿ ಮೊದಲು ಅರಳಿದ ಹೂವೆಂದು ಆ ನಗರದವರು ಕಣಗಿಲೆಯನ್ನು ತಮ್ಮ ನಗರಪುಷ್ಪವನ್ನಾಗಿ ಮಾಡಿಕೊಂಡಿದ್ದಾರೆ. ಥೂಜಾವು ಬೀಜಿಂಗಿನ ನಗರವೃಕ್ಷಗಳಲ್ಲಿ ಒಂದು. ಅಲ್ಲಿನ ಹಳೆಯ ದೇಗುಲಗಳ ಆವರಣದಲ್ಲಿ ಶತಮಾನಗಳನ್ನು ಕಂಡ ಥೂಜಾ ಮರಗಳಿವೆ. ಅಂತೂ ಗೌರವದಲ್ಲಿ ಯಾವುದೂ ಕಡಿಮೆಯದಲ್ಲ.

ಹಾಗಾದರೆ ಆಯ್ಕೆಗೆ ಆಧಾರವೇನು? ನಮ್ಮ ದೃಷ್ಟಿಯಲ್ಲಿ ಎರಡೇ ಸಂಗತಿಗಳು ಮುಖ್ಯ: ಒಂದು ಮಕ್ಕಳ ಬಾಯಿ, ಇನ್ನೊಂದು ಮಾಲಿಯ ಕತ್ತರಿ.

ಕಣಗಿಲೆಯ ಬೇರು, ಕಾಂಡ, ಎಲೆ, ಹೂವು, ಬೀಜ ಎಲ್ಲವೂ ವಿಷಯುಕ್ತ. ಓಲಿಯಾಂಡ್ರಿನ್ ಮೊದಲಾದ ಅದರ ವಿಷದ್ರವ್ಯಗಳು ನೇರವಾಗಿ ಹೃದಯದ ಮೇಲೆ ಕಾರ್ಯ ಮಾಡುತ್ತವೆ. ಹೃದಯದ ಸ್ನಾಯುಕೋಶಗಳಲ್ಲಿ ಸೋಡಿಯಂ ಮತ್ತು ಪೊಟ್ಯಾಸಿಯಂ ಲವಣಾಂಶಗಳ ಒಳಹೊರಗಿನ ಸಂಚಾರವನ್ನು ನಿಯಂತ್ರಿಸುವ ವ್ಯವಸ್ಥೆಯನ್ನು ಅವು ತಡೆಯುತ್ತವೆ. ವಾಂತಿ, ಹೊಟ್ಟೆನೋವುಗಳಿಂದ ಆರಂಭವಾಗಿ ನಾಡಿಯ ಗತಿಯೇ ತಪ್ಪುತ್ತದೆ. ಒಣಗಿಸಿದರೂ ಕುದಿಸಿದರೂ ಈ ವಿಷವು ಹೋಗುವುದಿಲ್ಲ. ಕಹಿಯಾಗಿರುವುದರಿಂದ ದನಕರುಗಳು ಹಸಿಯ ಗಿಡವನ್ನು ಸಾಮಾನ್ಯವಾಗಿ ಮುಟ್ಟವು. ಬೇಲಿಗೆ ಇದು ಅನುಕೂಲವಾಗಿರುವುದೂ ಅದಕ್ಕೇ. ಕತ್ತರಿಸಿ ಎಸೆದ ಒಣಗಿದ ಸೊಪ್ಪು ಮೇವಿನೊಡನೆ ಬೆರೆತಾಗಲೇ ಹೆಚ್ಚಿನ ಅಪಾಯ.

ಇದು ಪುಸ್ತಕದ ಮಾತೆಂದು ಉಪೇಕ್ಷಿಸುವವರಿಗಾಗಿ ಒಂದು ನಿದರ್ಶನ. 2024ರ ಏಪ್ರಿಲ್ ತಿಂಗಳಲ್ಲಿ ಕೇರಳದಲ್ಲಿ ತರುಣಿಯೊಬ್ಬಳು ಅರಿಯದೆ ಕಣಗಿಲೆಯ ಎಲೆಯನ್ನು ಅಗಿದು ಮೃತಳಾದಳೆಂಬ ಶಂಕೆ ಪತ್ರಿಕೆಗಳಲ್ಲಿ ಬಂತು. ಮುಂದಿನ ತಿಂಗಳೇ ತಿರುವಾಂಕೂರು ಮತ್ತು ಮಲಬಾರ್ ದೇವಸ್ವಂ ಮಂಡಳಿಗಳು ತಮ್ಮ ದೇವಾಲಯಗಳಲ್ಲಿ ನೈವೇದ್ಯಕ್ಕೂ ಪ್ರಸಾದಕ್ಕೂ ಈ ಹೂವನ್ನು ಬಳಸಕೂಡದೆಂದು ವಿಧಿಸಿದವು. ಮಲೆಯಾಳಿಗಳು ಕಣಗಿಲೆಗೆ ಅರಳಿ ಎನ್ನುತ್ತಾರೆ. ಆ ಸುದ್ದಿಯನ್ನು ಓದಿ ನಮ್ಮ ಅರಳಿಕಟ್ಟೆಗಳ ಅಶ್ವತ್ಥವೃಕ್ಷವನ್ನು ಯಾರೂ ಸಂಶಯದಿಂದ ನೋಡಬೇಕಾಗಿಲ್ಲ. ಹೆಸರು ಒಂದೇ, ಗಿಡ ಬೇರೆ. ಮಂಡಳಿಗಳ ನಿರ್ಣಯದಲ್ಲಿರುವ ವಿವೇಕವನ್ನು ಗಮನಿಸಬೇಕು. ನಿಷೇಧವಿರುವುದು ತಿನ್ನುವ ಪದಾರ್ಥಕ್ಕೆ ಹೂವು ಸೋಂಕುವುದಕ್ಕೆ. ನಮ್ಮಲ್ಲಿಯೂ ಕಣಗಿಲೆಯು ಶಿವಪೂಜೆಗೆ ಪ್ರಿಯವಾದ ಹೂವು. ಅರ್ಚಿಸುವುದರಿಂದ ಬಾಧಕವಿಲ್ಲ. ಆದರೆ ಅದರ ಎಸಳನ್ನು ತೀರ್ಥದ ಬಟ್ಟಲಿಗೆ ಹಾಕುವುದಾಗಲಿ, ಪ್ರಸಾದದ ಎಡೆಯ ಮೇಲೆ ಇಡುವುದಾಗಲಿ ಸಲ್ಲದು. ಹೂ ಕೊಯ್ದ ಮಕ್ಕಳು ಕೈ ತೊಳೆದುಕೊಂಡೇ ಊಟಕ್ಕೆ ಕುಳಿತುಕೊಳ್ಳಬೇಕು. ಕಡ್ಡಿಯನ್ನು ಮುರಿದು ಹಲ್ಲುಜ್ಜುವುದು, ಎಲೆಯನ್ನು ಪೀಪಿ ಮಾಡಿ ಊದುವುದು, ಅಡುಗೆಯಾಟದಲ್ಲಿ ಮೊಗ್ಗುಗಳನ್ನು ಅಕ್ಕಿಯೆಂದು ಬಡಿಸುವುದು ಇವೆಲ್ಲ ಐದಾರು ವರ್ಷದ ಮಕ್ಕಳಿಗೆ ಸಹಜವಾದ ಆಟಗಳು. ಇಂಥ ಮಕ್ಕಳು ದಿನವೂ ನಡೆದಾಡುವ ದಾರಿಯ ಅಂಚಿನಲ್ಲಿ, ಅವರ ಕೈಗೆಟಕುವ ಎತ್ತರದಲ್ಲಿ, ಹಯಮಾರಕವನ್ನು ನೆಡಬೇಕೆ ಎಂಬುದು ಪ್ರಶ್ನೆ. ಬೇಡವೆಂಬುದು ನಮ್ಮ ಸ್ಪಷ್ಟವಾದ ಅಭಿಪ್ರಾಯ. ಯಾವ ಮಗುವಾದರೂ ತಿಂದದ್ದು ತಿಳಿದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ, ಗಿಡದ ಒಂದು ಚೂರನ್ನೂ ಜೊತೆಗೆ ತೆಗೆದುಕೊಂಡು, ಕೂಡಲೇ ಆಸ್ಪತ್ರೆಗೆ ಹೋಗತಕ್ಕದ್ದು.

ಥೂಜಾವು ಸಂಪೂರ್ಣ ನಿರಪಾಯವೆಂದಲ್ಲ. ಅದರ ಎಲೆಯಲ್ಲಿರುವ ತೈಲಾಂಶವು ಹೊಟ್ಟೆಗೆ ಒಗ್ಗದು. ಕೆಲವರ ಚರ್ಮಕ್ಕೆ ನವೆಯೂ ಆಗಬಹುದು. ಆದರೂ ಎರಡರ ನಡುವೆ ಅಜಗಜಾಂತರವಿದೆ. ಕುಡಿಯನ್ನು ಪುಸ್ತಕದಲ್ಲಿಟ್ಟುಕೊಂಡ ಬಾಲಕನ ಬಗ್ಗೆ ಯಾರೂ ಹೆದರಬೇಕಾದ್ದಿಲ್ಲ.

ಈಗ ಕತ್ತರಿಯ ಮಾತು. ಇಲ್ಲಿ ಪಾತ್ರಗಳು ಅದಲುಬದಲಾಗುತ್ತವೆ. ಕಣಗಿಲೆಯನ್ನು ಹೇಗೆ ಕತ್ತರಿಸಿದರೂ ಅದು ಕ್ಷಮಿಸುತ್ತದೆ. ಬುಡದವರೆಗೆ ಕಡಿದರೂ ಮಳೆ ಬಿದ್ದೊಡನೆ ಹತ್ತಾರು ಚಿಗುರುಗಳು ಹೊರಡುತ್ತವೆ. ಹೂಗೊಂಚಲು ಹೊಸ ಚಿಗುರಿನ ತುದಿಯಲ್ಲಿಯೇ ಬರುವುದರಿಂದ ಒಂದು ಹೂವಿನ ಸುಗ್ಗಿ ಮುಗಿದ ಮೇಲೆ ಸವರುವುದು ಗಿಡಕ್ಕೆ ಉಪಕಾರವೇ. ಬೆರಳುಗಾತ್ರದ ಕಡ್ಡಿಯನ್ನು ಮಳೆಗಾಲದಲ್ಲಿ ನೆಲಕ್ಕೆ ಚುಚ್ಚಿದರೆ ಬೇರುಬಿಡುತ್ತದೆ. ನೀರಿನ ಸೀಸೆಯಲ್ಲಿಟ್ಟರೂ ಬೇರು ಬರುತ್ತದೆ. ಹಣ ಕೊಟ್ಟು ಸಸಿ ತರುವ ಅಗತ್ಯವೇ ಇಲ್ಲ.

ಥೂಜಾದ ಸ್ವಭಾವ ಹಾಗಲ್ಲ. ಅದರ ಹಸಿರೆಲ್ಲ ಹೊರಮೈಯಲ್ಲಿಯೇ ಇರುತ್ತದೆ. ಒಳಭಾಗಕ್ಕೆ ಬೆಳಕು ತಲುಪದೆ ಅಲ್ಲಿಯ ಕಿರುರೆಂಬೆಗಳು ಕಂದಾಗಿ ಉದುರುತ್ತವೆ. ನಿತ್ಯಹರಿದ್ವರ್ಣವೆಂದರೆ ಎಲೆ ಉದುರುವುದಿಲ್ಲವೆಂದು ಅರ್ಥವಲ್ಲ. ಒಮ್ಮೆಗೇ ಬೋಳಾಗದೆ ಸ್ವಲ್ಪ ಸ್ವಲ್ಪವಾಗಿ ಉದುರುತ್ತದೆಂದು ಅರ್ಥ. ಇದನ್ನರಿಯದ ಮಾಲಿ ಒಳಗಿನ ಕಂದುಬಣ್ಣವನ್ನು ರೋಗವೆಂದು ಭಾವಿಸಿ, ಇಲ್ಲವೆ ಮಿತಿಮೀರಿ ಬೆಳೆದ ಗಿಡವನ್ನು ಒಂದೇ ಪೆಟ್ಟಿಗೆ ಚಿಕ್ಕದು ಮಾಡಲು ಹೊರಟು, ಹಸಿರಿನ ಪದರವನ್ನು ದಾಟಿ ಹಳೆಯ ಕಟ್ಟಿಗೆಯವರೆಗೆ ಕತ್ತರಿಸಿದನೆಂದರೆ ಅಲ್ಲಿಂದ ಮರಳಿ ಚಿಗುರುವುದೆಂಬ ಭರವಸೆಯಿಲ್ಲ. ಆ ಜಾಗವು ಬಾಯಿ ತೆರೆದ ಗಾಯದಂತೆ ಹಾಗೆಯೇ ಉಳಿಯುತ್ತದೆ. ಸಾಲಾಗಿ ನೆಟ್ಟ ಕಡೆ ಒಂದು ಗಿಡ ಕೆಟ್ಟರೆ ಇಡೀ ಸಾಲಿನ ಅಂದವೇ ಕೆಟ್ಟಂತೆ. ಆದ್ದರಿಂದ ಥೂಜಾವನ್ನು ಎಳೆತನದಿಂದಲೇ, ವರ್ಷಕ್ಕೆ ಒಂದೆರಡು ಬಾರಿ, ತುದಿಯ ಹಸಿರನ್ನು ಮಾತ್ರ ತೆಳುವಾಗಿ ಸವರುತ್ತ ಆಕಾರಕ್ಕೆ ತರಬೇಕು. ಈ ಕೆಲಸಕ್ಕೆ ಕೈ ಪಳಗಿದ ಮಾಲಿಯೊಬ್ಬನೇ ಇರಬೇಕೇ ವಿನಾ ವರ್ಷಕ್ಕೊಬ್ಬ ಕೂಲಿಯಾಳು ಬಂದರೆ ಆಗದು.

ನೀರಿನ ವಿಷಯವೂ ಇದಕ್ಕೆ ಸೇರಿದ್ದು. ಬೇರೂರಿದ ಕಣಗಿಲೆಗೆ ಬೇಸಗೆಯಲ್ಲಿ ನೀರು ತಪ್ಪಿದರೂ ಅದು ಸಾಯುವುದಿಲ್ಲ. ಥೂಜಾಕ್ಕೆ ಮೊದಲ ಎರಡು ಮೂರು ಬೇಸಗೆಗಳಲ್ಲಿ ತಪ್ಪದೆ ನೀರುಣಿಸಬೇಕು. ಹಾಗೆಂದು ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಎರೆಭೂಮಿಯಾದರೆ ಮರಳು ಬೆರೆಸಿ ಪಾತಿಯನ್ನು ಸ್ವಲ್ಪ ಎತ್ತರಿಸಿಯೇ ನೆಡಬೇಕು. ಒಣಹವೆಯಲ್ಲಿ ಜೇಡನುಸಿ ಹತ್ತಿ ಗಿಡ ಬೂದುಬಣ್ಣಕ್ಕೆ ತಿರುಗುವುದುಂಟು. ಆಗಾಗ ಎಲೆಯ ಮೇಲೆ ರಭಸದಿಂದ ನೀರು ಚಿಮುಕಿಸಿದರೆ ಅದು ಹಿಡಿತಕ್ಕೆ ಬರುತ್ತದೆ. ಇಷ್ಟು ಕೆಲಸವನ್ನು ಯಾರು ಮಾಡುವರೆಂಬುದನ್ನು ಸಸಿ ತರುವ ಮೊದಲೇ ನಿಶ್ಚಯಿಸಬೇಕು. ಸಸಿಗೆ ದಾನಿಗಳು ದೊರೆಯುತ್ತಾರೆ. ಮೂರು ವರ್ಷದ ನೀರಿಗೆ ದೊರೆಯುವುದು ಕಷ್ಟ. ಹಳೆಯ ವಿದ್ಯಾರ್ಥಿಗಳು ಸಸಿಗಳ ಬೆಲೆಯಷ್ಟೇ ಮೊತ್ತವನ್ನು ಪಾಲನೆಗೂ ತೆಗೆದಿರಿಸುವುದಾದರೆ ಥೂಜಾ ನೆಡಬಹುದು. ಅದಾಗದಿದ್ದರೆ ದಾರಿಯ ಪಕ್ಕಕ್ಕೆ ದಾಸವಾಳವನ್ನೋ ನಂದಿಬಟ್ಟಲನ್ನೋ ನೆಟ್ಟು ಸುಮ್ಮನಿರುವುದು ಮೇಲು. ಅವೂ ನಿತ್ಯಹರಿದ್ವರ್ಣವೇ, ಹೂವನ್ನೂ ಕೊಡುತ್ತವೆ.

ಹಾಗಾದರೆ ಕಣಗಿಲೆಯನ್ನು ಶಾಲೆಯಿಂದ ಬಹಿಷ್ಕರಿಸಬೇಕೆ? ಹಾಗೆನ್ನಲು ಮನಸ್ಸು ಒಪ್ಪುವುದಿಲ್ಲ. ಆಟದ ಮೈದಾನಕ್ಕೂ ಪ್ರಾಥಮಿಕ ತರಗತಿಗಳಿಗೂ ದೂರವಾದ, ರಸ್ತೆಯ ಕಡೆಯ ಪಾಗಾರದ ಉದ್ದಕ್ಕೂ, ತಂತಿಬೇಲಿಯ ಆಚೆಗೆ, ನಾಲ್ಕು ನಾಲ್ಕು ಅಡಿಗೊಂದರಂತೆ ಅದನ್ನು ನೆಟ್ಟರೆ ಧೂಳನ್ನು ತಡೆಯುತ್ತದೆ, ದಾರಿಹೋಕರ ಕಣ್ಣಿಗೂ ಹಬ್ಬವಾಗುತ್ತದೆ. ಪ್ರೌಢಶಾಲೆಯ ವಿಜ್ಞಾನದ ಉಪಾಧ್ಯಾಯರಿಗೆ ಅಲ್ಲಿ ಪಾಠವೂ ಸಿಕ್ಕುತ್ತದೆ. ಕಂದುಗಪ್ಪು ರೆಕ್ಕೆಯ ಅಂಚಿನಲ್ಲಿ ಬಿಳಿಯ ಚುಕ್ಕೆಗಳುಳ್ಳ ಚಿಟ್ಟೆಯೊಂದು ಕಣಗಿಲೆಯ ಎಲೆಯ ಮೇಲೆ ಮೊಟ್ಟೆಯಿಡುತ್ತದೆ. ಅದರ ಹುಳುವು ಕುದುರೆಯನ್ನು ಕೊಲ್ಲುವ ಎಲೆಯನ್ನೇ ತಿಂದು ಬೆಳೆದು, ಕನ್ನಡಿಯಂತೆ ಹೊಳೆಯುವ ಬೆಳ್ಳಿಬಣ್ಣದ ಗೂಡಾಗಿ ಎಲೆಯಡಿ ತೂಗುತ್ತದೆ. ನೀಲಿಯ ಕಣ್ಣಿನ ಗುರುತುಗಳುಳ್ಳ ದಪ್ಪನೆಯ ಹಸಿರು ಹುಳುವೊಂದೂ ಈ ಗಿಡವನ್ನೇ ಆಶ್ರಯಿಸಿದ್ದು, ಮುಂದೆ ಪತಂಗವಾಗಿ ಹಾರುತ್ತದೆ. ಒಂದಕ್ಕೆ ವಿಷವಾದದ್ದು ಇನ್ನೊಂದಕ್ಕೆ ಅನ್ನವಾಗುವುದನ್ನು ಹತ್ತನೆಯ ತರಗತಿಯವರು ಕಣ್ಣಾರೆ ನೋಡಲಿ, ದೂರದಿಂದ ನೋಡಲಿ.

ನೆಡುವ ಕ್ರಮದ ಬಗ್ಗೆ ಎರಡು ಮಾತು. ಗುಣಿಗಳನ್ನು ಮೇ ತಿಂಗಳಲ್ಲಿಯೇ ಎರಡಡಿ ಉದ್ದ, ಅಗಲ, ಆಳಕ್ಕೆ ತೋಡಿಸಿ ಬಿಸಿಲಿಗೆ ಬಿಡಬೇಕು. ಮೊದಲ ಮಳೆಯ ಅನಂತರ ಮೇಲ್ಮಣ್ಣಿಗೆ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ ಸಸಿ ಇಡಬೇಕು. ಥೂಜಾ ಗಿಡಗಳ ನಡುವೆ ಆರರಿಂದ ಎಂಟು ಅಡಿ ಅಂತರವಿರಲಿ. ಚಿಕ್ಕ ಸಸಿಗಳು ಮೊದಲ ವರ್ಷ ವಿರಳವಾಗಿ ಕಂಡವೆಂದು ನಡುವೆ ಮತ್ತೊಂದನ್ನು ತುರುಕಬಾರದು. ಎರಡು ಸಾಲುಗಳಿಗೂ ಹೆಸರಿನ ಫಲಕಗಳನ್ನು ಹಾಕಿಸುವುದಾದರೆ ಕನ್ನಡದ ಹೆಸರು, ಸಂಸ್ಕೃತದ ಹೆಸರು ಇದ್ದಲ್ಲಿ ಅದು, ಸಸ್ಯಶಾಸ್ತ್ರದ ಹೆಸರು ಇವುಗಳ ಜೊತೆಗೆ ಕಣಗಿಲೆಯ ಫಲಕದಲ್ಲಿ ‘ವಿಷ, ಬಾಯಿಗೆ ಹಾಕಬಾರದು’ ಎಂಬ ಮಾತನ್ನು ಕೆಂಪಕ್ಷರದಲ್ಲಿ ಬರೆಸಬೇಕು. ಸವರಿದ ಕಣಗಿಲೆಯ ರೆಂಬೆಗಳನ್ನು ದನದ ಹಟ್ಟಿಯ ಬಳಿ ಹಾಕುವುದಾಗಲಿ, ಪ್ರಸಾದನಿಲಯದ ಒಲೆಗೆ ಸೌದೆಯೆಂದು ಒಡ್ಡುವುದಾಗಲಿ ಕೂಡದು. ಅದರ ಹೊಗೆಯೂ ವಿಷವೇ. ಊರಾಚೆಯ ಗುಂಡಿಯಲ್ಲಿ ಹೂಳಿಸುವುದು ಸರಿಯಾದ ಕ್ರಮ.